ಅಡ್ಡ–ಉದ್ದದ ಲೆಕ್ಕ: ಬೆಂಗೇರಿ ಸುತ್ತಿನ ಇಟ್ಟಂಗಿ ಗೋಡೆಯ ಚರಿತ್ರೆ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ನೆನಪಾಗುವುದು ರಾಷ್ಟ್ರಧ್ವಜ. 1957ರ ನವೆಂಬರ್‌ನಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿ ಹೊಲಿಯುವ ಧ್ವಜಕ್ಕೆ ಅನ್ವಯಿಸುವ ಭಾರತೀಯ ಮಾನಕದ ಸಂಖ್ಯೆ ಐಎಸ್ 1. ಅದೇ ಮಾಲೆಯ 1077ನೆಯ ಮಾನಕ ಸುಟ್ಟ ಇಟ್ಟಿಗೆಯದು, 2212ನೆಯದು ಅದನ್ನು ಕಟ್ಟುವ ಕ್ರಮದ್ದು. ಬಟ್ಟೆಗೆ ಹಾಸು–ಹೊಕ್ಕು ಹೇಗೋ ಗೋಡೆಗೆ ಇಟ್ಟಂಗಿಯನ್ನು ಅಡ್ಡ–ಉದ್ದ ಇಡುವುದು ಹಾಗೆ. ಆದರೆ ಹೋಲಿಕೆಯನ್ನು ಬಹಳ ಎಳೆಯುವಂತಿಲ್ಲ. ನೂಲು ಸೆಳೆತಕ್ಕೆ ಬಗ್ಗುವುದಿಲ್ಲ. ಇಟ್ಟಂಗಿಗೆ ಭಾರ ಹೊರುವುದು ಗೊತ್ತು, ಸೆಳೆದರೆ ಬಿಟ್ಟುಕೊಡುತ್ತದೆ. ಈ ದೌರ್ಬಲ್ಯವನ್ನು ಜೋಡಣೆಯಿಂದ ಮುಚ್ಚುವ ಉಪಾಯವೇ ಬಾಂಡ್.

ಲೆಕ್ಕ ಇಟ್ಟಿಗೆಯ ಅಳತೆಯಲ್ಲೇ ಇದೆ. 230 ಮಿ.ಮೀ. ಉದ್ದ, 110 ಮಿ.ಮೀ. ಅಗಲ: ಎರಡು ಅಗಲ, ನಡುವೆ 10 ಮಿ.ಮೀ. ಸಂದು ಸೇರಿದರೆ ಒಂದು ಉದ್ದ. ಹರಪ್ಪದ ಇಟ್ಟಿಗೆಗಳ 1:2:4 ಪ್ರಮಾಣದಲ್ಲಿಯೂ ಉದ್ದ ಅಗಲದ ಎರಡರಷ್ಟು. ಆ ಗೋಡೆಗಳಲ್ಲಿ ಒಂದು ವರಸೆ ಅಡ್ಡ, ಇನ್ನೊಂದು ವರಸೆ ಉದ್ದ ಕಾಣುತ್ತದೆ. ನಾವು ಇದಕ್ಕೆ ‘ಇಂಗ್ಲಿಷ್ ಬಾಂಡ್’ ಎನ್ನುತ್ತೇವೆ! ಸಂಸ್ಕೃತದ ‘ಇಷ್ಟಿಕಾ’ ಪ್ರಾಕೃತದ ಮೂಲಕ ‘ಇಟ್ಟಿಗೆ’ಯಾಗಿ ಕನ್ನಡಕ್ಕೆ ಇಳಿದದ್ದನ್ನು ನೋಡಿದರೂ ವಸ್ತುವಿನ ಪ್ರಾಚೀನತೆ ತಿಳಿಯುತ್ತದೆ. ಬೆಳಗಾವಿಗೆ ಅಂಟಿಕೊಂಡಿರುವ ವಡಗಾವ–ಮಾಧವಪುರದ ಉತ್ಖನನದಲ್ಲಿ ಸಾತವಾಹನರ ಕಾಲದ ಇಟ್ಟಿಗೆಯ ಕಟ್ಟಡಗಳು ಹೊರಬಂದಿವೆ. ಬನವಾಸಿಯಲ್ಲಿಯೂ ಅಷ್ಟೇ. ಆ ಇಟ್ಟಿಗೆಗಳು ಇಂದಿನವುಗಳಿಗಿಂತ ಬಹಳ ದೊಡ್ಡವು.

ಹಾಗಿದ್ದರೂ ಇಟ್ಟಿಗೆಯ ಬಾಂಡ್ ನಮ್ಮ ಸೀಮೆಯಲ್ಲಿ ನಿರಂತರವಾಗಿ ನಡೆದುಬಂದ ವಿದ್ಯೆ ಎಂದು ಹೇಳಲಾಗದು. ಕಾರಣ ಮಣ್ಣು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋದಂತೆ ಎರೆಭೂಮಿ. ಎರೆಮಣ್ಣು ಒಣಗುವಾಗ ಕುಗ್ಗಿ ಸೀಳುತ್ತದೆ. ಅದರೊಳಗಿನ ಸುಣ್ಣದ ಹರಳು ಆವಿಗೆಯಲ್ಲಿ ಸುಟ್ಟು, ಆಮೇಲೆ ನೀರು ಕುಡಿದು ಉಬ್ಬಿ, ಇಟ್ಟಂಗಿಯನ್ನೇ ಒಡೆಯುತ್ತದೆ. ಆದ್ದರಿಂದ ಇಲ್ಲಿಯ ಹಳೆಯ ಮನೆ ಎಂದರೆ ಕಲ್ಲು, ಹಸಿ ಇಟ್ಟಂಗಿ, ಮಣ್ಣಿನ ಮಾಳಿಗೆ. ಎರಡಡಿ ದಪ್ಪದ ಮಣ್ಣಿನ ಗೋಡೆಗೆ ಬಾಂಡಿನ ಹಂಗು ಕಡಿಮೆ, ದಪ್ಪವೇ ಅದನ್ನು ನಿಲ್ಲಿಸುತ್ತದೆ. ಕೆಮ್ಮಣ್ಣಿನ ಪಶ್ಚಿಮ ಸೆರಗಿನ ಖಾನಾಪುರ ಹಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದದ್ದು ಆಕಸ್ಮಿಕವಲ್ಲ.

ಇನ್ನೊಂದು ಕಾರಣ ಗಾರೆ. ಇದನ್ನು ವಿಜಯಪುರದಲ್ಲಿ ನೋಡಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಗೋಲಗುಮ್ಮಟ. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಬುಡದಲ್ಲಿ ದಪ್ಪ ಸುಮಾರು 10 ಅಡಿ. ವಿಜಯಪುರದ ಕಟ್ಟಡಗಳ ಬಗ್ಗೆ 1916ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಗಮನಿಸಿದಂತೆ, ಅಲ್ಲಿ ಇಟ್ಟಿಗೆಗಳನ್ನು ದಪ್ಪ ಸುಣ್ಣದ ಗಾರೆಯಲ್ಲಿ ಮಟ್ಟಸವಾಗಿ ಕೂರಿಸಿದ್ದಾರೆ. ಇಡೀ ಗುಮ್ಮಟ ಒಂದೇ ಎರಕದಂತೆ ಗಟ್ಟಿಯಾಗಿದೆ. ಗಾರೆಯೇ ಕಟ್ಟಡವಾದಾಗ ಇಟ್ಟಿಗೆ ಅದರೊಳಗಿನ ಹರಳು. ಸಂದಿನ ಮೇಲೆ ಸಂದು ಬಂತೇ ಎಂಬ ಚಿಂತೆ ಸಂದು ತೆಳ್ಳಗಾದಾಗಲೇ ಹುಟ್ಟುವುದು. ಹಂಪಿಯ ಗೋಪುರಗಳ ಇಟ್ಟಿಗೆಯೂ ಗಾರೆಯ ಹೊದಿಕೆಯೊಳಗೇ ಉಳಿದುಕೊಂಡಿದೆ.

ತೆಳು ಸಂದು, ಅಚ್ಚುಕಟ್ಟಾದ ಅಳತೆ, ಒಂಬತ್ತು ಇಂಚಿನ ಭಾರ ಹೊರುವ ಗೋಡೆ, ಈ ಮೂರೂ ಒಟ್ಟಿಗೆ ಬಂದದ್ದು ಲೋಕೋಪಯೋಗಿ ಇಲಾಖೆ ಮತ್ತು ರೈಲ್ವೆಯ ಕಾಲದಲ್ಲಿ. ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾದದ್ದು 1882ರಲ್ಲಿ. ಅಂದಿನ ಎಂಜಿನಿಯರುಗಳ ಒಲವು ಇಂಗ್ಲಿಷ್ ಬಾಂಡ್ ಕಡೆಗೆ. ಅದರಲ್ಲಿ ಮೇಲಿನ ಸಂದು ಕೆಳಗಿನದಕ್ಕಿಂತ ಕಾಲು ಇಟ್ಟಂಗಿ, ಅಂದರೆ ಸುಮಾರು 57 ಮಿ.ಮೀ., ಸರಿದಿರುತ್ತದೆ. ಆ ಸರಿತ ಸಿಗಲು ಅಡ್ಡ ವರಸೆಯಲ್ಲಿ ಮೂಲೆಯ ಇಟ್ಟಂಗಿಯ ಪಕ್ಕಕ್ಕೆ ಉದ್ದುದ್ದ ಸೀಳಿದ ತುಂಡು ಬೇಕು. ಅದೇ ಕ್ವೀನ್ ಕ್ಲೋಸರ್. ಗೌಂಡಿಯ ಕೈಚಳಕ ತಿಳಿಯುವುದು ಈ ಮೂಲೆಯಲ್ಲೇ. ನಡುಗೋಡೆಯನ್ನು ದಾರ ಕಟ್ಟಿ ಯಾರಾದರೂ ಏರಿಸಿಯಾರು.

ಒಂದೇ ವರಸೆಯಲ್ಲಿ ಅಡ್ಡ, ಉದ್ದ ಬದಲಾಗುವ ಫ್ಲೆಮಿಶ್ ಬಾಂಡ್ ನೋಡಲು ಚೆಂದ. ಇಂಗ್ಲೆಂಡಿನಲ್ಲಿ ಅದರ ಮೊದಲ ಮಾದರಿಗಳಲ್ಲಿ ಒಂದು 1631ರ ಕ್ಯೂ ಅರಮನೆ. ಅದಕ್ಕೆ ತುಂಡುಗಳು ಹೆಚ್ಚು ಬೇಕು, ಬಲ ತುಸು ಕಡಿಮೆ. ನಮ್ಮ ಕಡೆ ಗೋಡೆಯ ಮೇಲೆ ಗಿಲಾವು ಬೀಳಲೇಬೇಕು. ಮುಚ್ಚಿಹೋಗುವ ಚೆಂದಕ್ಕೆ ಯಾರು ಕೂಲಿ ಕೊಡುತ್ತಾರೆ? ಬರೀ ಅಡ್ಡ ಇಡುವ ಹೆಡರ್ ಬಾಂಡ್ ಬಾವಿ, ಚಿಮಣಿಯಂಥ ದುಂಡು ಗೋಡೆಗೆ ಒಗ್ಗುತ್ತದೆ.

ರ‍್ಯಾಟ್‌ಟ್ರ್ಯಾಪ್ ಬಾಂಡಿನ ಕತೆ ಬೇರೆ. ಇಟ್ಟಂಗಿಯನ್ನು ಮಗ್ಗುಲ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು, ಒಂಬತ್ತು ಇಂಚಿನ ಗೋಡೆಯನ್ನೇ ಕಟ್ಟುತ್ತಾರೆ. ಸುಮಾರು ಶೇಕಡಾ 25ರಷ್ಟು ಇಟ್ಟಂಗಿ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇದಕ್ಕೆ ಹೆಸರು ತಂದರು. ಏಪ್ರಿಲ್ ಬಿಸಿಲಿನ ಹುಬ್ಬಳ್ಳಿಗೆ ಇದು ಹೇಳಿಮಾಡಿಸಿದ್ದು. ಆದರೆ ಅದು ಏಕರೂಪದ, ಅಂಚು ಮುಕ್ಕಾಗದ ಇಟ್ಟಂಗಿ ಕೇಳುತ್ತದೆ. ಎರೆಸೀಮೆಯ ಮಣ್ಣು ಇಲ್ಲಿಯೂ ಅಡ್ಡ ಬರುತ್ತದೆ ಎಂಬುದು ನನ್ನ ಅನಿಸಿಕೆ.

1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರೆಡ್ಡಿ ಎಂಜಿನಿಯರಿಂಗ್ ಕಾಲೇಜು ಶುರುವಾದಾಗ ಗೋಡೆಯೇ ಮನೆಯನ್ನು ಹೊರುತ್ತಿತ್ತು. ಇಂದು ಭಾರ ಆರ್‌ಸಿಸಿ ಕಂಬಕ್ಕೆ ಹೋಗಿದೆ. ನಡುವೆ ತುಂಬುವ ನಾಲ್ಕೂವರೆ ಇಂಚಿನ ಗೋಡೆಗೆ ಉದ್ದುದ್ದ ಇಟ್ಟ ಸ್ಟ್ರೆಚರ್ ಬಾಂಡ್ ಸಾಕು, ಅಲ್ಲಿಗೂ ಸಿಮೆಂಟ್ ಬ್ಲಾಕು ಬಂದಿದೆ. ನಮ್ಮಲ್ಲಿ ಬಾಂಡ್ ನಿಜಕ್ಕೂ ಬೇಕಾಗಿದ್ದದ್ದು, ಹಾಗೆ ನೋಡಿದರೆ, ನೂರು ಚಿಲ್ಲರೆ ವರ್ಷ. ಇಂದಿಗೂ ಅದನ್ನು ಬಿಡಲಾಗದ ಒಂದು ಜಾಗ ಗೇಟಿನ ಇಟ್ಟಂಗಿ ಕಂಬ: ಅಡಿಯಲ್ಲಿ ಜೋಡಿ ಇಟ್ಟಂಗಿ, ಅದರ ಮೇಲೆ ದಿಕ್ಕು ತಿರುಗಿಸಿ ಇನ್ನೊಂದು ಜೋಡಿ, ಒಳಂಬಿ ಬಿಟ್ಟು ನೋಡಿ ಮತ್ತೊಂದು.