ಕಹಿಯ ಸಾಕ್ಷ್ಯ: ರುಚಿಭೇದದ ಶೋಧ ಮತ್ತು ಅದರ ದುರ್ಬಳಕೆ

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಷಡ್ರಸಗಳನ್ನು ಮುಖ್ಯವಾಗಿ ದ್ರವ್ಯಾಶ್ರಿತವೆಂದು ಪರಿಗಣಿಸುತ್ತವೆ: ಬೇವು ಕಹಿ, ಬೆಲ್ಲ ಸಿಹಿ. ಆದರೆ ಒಂದೇ ದ್ರವ್ಯವು ಆರೋಗ್ಯವಂತರಾದ ಇಬ್ಬರಿಗೆ ಎರಡು ಬಗೆಯಾಗಿ ತೋರುವುದೇಕೆ? ಈ ಪ್ರಶ್ನೆಗೆ ಆನುವಂಶಿಕತೆಯ ನೆಲೆಯಲ್ಲಿ ಉತ್ತರ ಹುಡುಕುವ ಹಾದಿ ತೆರೆದುದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ನಡೆದ ಒಂದು ಆಕಸ್ಮಿಕದಿಂದ.

ರಸಾಯನವಿಜ್ಞಾನಿ ಆರ್ಥರ್ ಫಾಕ್ಸ್ ಅವರು ಫಿನೈಲ್ ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಧೂಳು ಹಾರಿತು. ಸಹೋದ್ಯೋಗಿ ನಾಲರ್ ಅವರು ಕಹಿಯೆಂದರು. ಧೂಳಿಗೆ ಇನ್ನೂ ಸಮೀಪದಲ್ಲಿದ್ದ ಫಾಕ್ಸ್ ಅವರಿಗೆ ಯಾವ ರುಚಿಯೂ ತಿಳಿಯಲಿಲ್ಲ. ವಾದ ಬೆಳೆದು, ಇತರರಿಗೂ ಪುಡಿಯನ್ನು ಕೊಟ್ಟು ನೋಡಿದಾಗ ಇಬ್ಬರ ಮಾತೂ ನಿಜವೆಂದು ತಿಳಿಯಿತು. ೧೯೩೧-೩೨ರಲ್ಲಿ ಸ್ನೈಡರ್ ಮತ್ತು ಬ್ಲೇಕ್ಸ್ಲೀ ಅವರು ಕುಟುಂಬಗಳನ್ನು ಪರೀಕ್ಷಿಸಿ, ಈ ಭೇದವು ವಂಶಾನುಗತವೆಂದು ತೋರಿಸಿದರು.

ಶೋಧದ ಮುಂದಿನ ಚರಿತ್ರೆ ಅಷ್ಟು ಸರಳವಾದುದಲ್ಲ. ಜನಾಂಗಗಳನ್ನು ವರ್ಗೀಕರಿಸಲು ಹೊರಟ ಮಾನವಶಾಸ್ತ್ರಜ್ಞರಿಗೆ ಈ ಪುಡಿ ಒಂದು ಸುಲಭ ಸಾಧನವಾಯಿತು. ಭಾರತದಲ್ಲಿಯೂ ಜಾತಿ, ಬುಡಕಟ್ಟುಗಳ ಲೆಕ್ಕದಲ್ಲಿ ಇಂತಹ ಸಮೀಕ್ಷೆಗಳು ನಡೆದವು. ನಾಲಗೆಯ ಭೇದವನ್ನು ಕುಲದ ಗುರುತಾಗಿ ಓದುವ ಆಸೆ ಅಲ್ಲಿತ್ತು. ದೊರೆತ ಅಂಕಿಗಳು ಆ ಆಸೆಗೆ ಒಲಿಯಲಿಲ್ಲ. ಪ್ರಮಾಣ ಹೆಚ್ಚುಕಡಿಮೆಯಾದರೂ ಕಹಿ ತಿಳಿಯುವವರು, ತಿಳಿಯದವರು ಇಬ್ಬರೂ ಎಲ್ಲ ಖಂಡಗಳಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ ಕಂಡುಬಂದರು.

೨೦೦೩ರಲ್ಲಿ ಡೆನಿಸ್ ಡ್ರೇನಾ ಅವರ ತಂಡವು ಇದಕ್ಕೆ ಮುಖ್ಯ ಕಾರಣವಾದ ಜೀನನ್ನು ಗುರುತಿಸಿತು. ಅದು ರೂಪಿಸುವ ಗ್ರಾಹಕ ಪ್ರೋಟೀನಿನ ಮೂರು ಸ್ಥಾನಗಳಲ್ಲಿನ ವ್ಯತ್ಯಾಸವೇ ಭೇದದ ಬಹುಪಾಲನ್ನು ವಿವರಿಸುತ್ತದೆ, ಎಲ್ಲವನ್ನೂ ಅಲ್ಲ. ಮನುಷ್ಯರಲ್ಲಿ ಕಹಿಯನ್ನು ಗ್ರಹಿಸುವ ಇಂತಹ ಜೀನುಗಳು ಸುಮಾರು ೨೫ ಇವೆ. ಆದುದರಿಂದ ಈ ಪುಡಿಯ ಕಹಿ ತಿಳಿಯದ ನಾಲಗೆಯೂ ಕ್ವಿನೈನಿನ ಕಹಿಯನ್ನು ಅರಿಯಬಲ್ಲದು. ಅದನ್ನು ಮಂದ ನಾಲಗೆಯೆನ್ನುವುದು ಸರಿಯಲ್ಲ.

ಎಲೆಕೋಸು, ಸಾಸಿವೆಗಳ ಕುಲದ ಸಸ್ಯಗಳಲ್ಲಿ ಇದನ್ನು ಹೋಲುವ ಕಹಿ ಸಂಯುಕ್ತಗಳಿವೆ. ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಕೋಸಿನ ಪಲ್ಯವನ್ನು ಕಹಿಯೆಂದು ಸರಿಸಿದರೆ ಅದು ಕೇವಲ ಹಟವೆಂದಾಗಲಿ, ಮನೆತನದ ಸಂಸ್ಕಾರವೆಂದಾಗಲಿ ನಿರ್ಣಯಿಸುವುದು ದುಡುಕಾದೀತು. ರೂಢಿ, ವಯಸ್ಸು, ಆರೋಗ್ಯಗಳೂ ರುಚಿಯನ್ನು ತಿದ್ದುತ್ತವೆ. ಆಹಾರದ ಮೂಲಕ ಸಮುದಾಯಗಳ ಶೀಲವನ್ನು ವಿವರಿಸುವ ರೂಢಿ ನಮ್ಮ ಸಂಸ್ಕೃತಿ ಅಧ್ಯಯನಗಳಲ್ಲಿಯೂ ಉಂಟು. ಅಂತಹ ವಿವರಣೆಗೆ ತೊಡಗುವ ಮುನ್ನ, ಒಂದೇ ಧೂಳಿಗೆ ಎರಡು ಸಾಕ್ಷ್ಯ ನುಡಿದು ಇಬ್ಬರೂ ಸತ್ಯವಂತರಾಗಿಯೇ ಉಳಿದ ಆ ಪ್ರಸಂಗವನ್ನು ನೆನೆಯುವುದು ಉಚಿತ.