ದಂಡ ಮನ್ನಾ ಮತ್ತು ಶೆರಿಫನ ಫೀ: ಅಲಬಾಮಾದ ಸ್ಥಳೀಯ ಕಾಯ್ದೆಗಳ ಕುರಿತು ಒಂದು ಟಿಪ್ಪಣಿ

ಅಮೆರಿಕದ ಅಲಬಾಮಾ ರಾಜ್ಯದ 1901ರ ಸಂವಿಧಾನದ 104ನೆಯ ಕಲಮು ಒಂದು ಉದ್ದನೆಯ ಪಟ್ಟಿ. ಒಬ್ಬ ವ್ಯಕ್ತಿಗೋ ಒಂದು ಕೌಂಟಿಗೋ ಸೀಮಿತವಾದ ಕಾಯ್ದೆಯನ್ನು ಯಾವ್ಯಾವ ವಿಷಯದಲ್ಲಿ ಮಾಡಕೂಡದು ಎಂದು ಅಲ್ಲಿ 31 ಬಾಬ್ತುಗಳಲ್ಲಿ ಹೇಳಿದೆ. ವಿಚ್ಛೇದನ ಕೊಡುವುದು, ಹೆಸರು ಬದಲಿಸುವುದು, ದತ್ತು ಊರ್ಜಿತಗೊಳಿಸುವುದು ಇವುಗಳ ಸಾಲಿನಲ್ಲೇ ದಂಡ ಮನ್ನಾ ಮಾಡುವುದೂ ಅಧಿಕಾರಿಗಳ ಫೀ ಏರಿಸಿ ಇಳಿಸುವುದೂ ಬರುತ್ತವೆ. ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಶಾಸಕರು ಅಧಿವೇಶನದಲ್ಲಿ ಏನು ಮಾಡುತ್ತ ಕೂತಿರುತ್ತಿದ್ದರು ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಇಲಿನಾಯ್‌ನ 1870ರ ಮತ್ತು ಕೆಂಟಕಿಯ 1891ರ ಸಂವಿಧಾನಗಳಲ್ಲೂ ಇಂಥವೇ ಪಟ್ಟಿಗಳಿವೆ.

ಅಲಬಾಮಾದ ಪಟ್ಟಿಯ ಬಾಲದಲ್ಲಿ ಒಂದು ವಿನಾಯಿತಿ ಇದೆ. ಮದ್ಯದ ವ್ಯಾಪಾರವನ್ನು ನಿಯಂತ್ರಿಸಲು ಅಥವಾ ನಿಷೇಧಿಸಲು ಸ್ಥಳೀಯ ಕಾಯ್ದೆ ಮಾಡಬಹುದು. ಮುಂಚಿತವಾಗಿ ಪ್ರಕಟಣೆ ಕೊಟ್ಟಿದ್ದರಾಯಿತು. ಅಂದರೆ ಒಂದೇ ಕೌಂಟಿಯಲ್ಲಿ ಹೆಂಡ ಮಾರುವುದನ್ನು ಅಪರಾಧವಾಗಿಸಬಹುದು. ಆದರೆ ಅಲ್ಲಿ ಸಿಕ್ಕಿಬಿದ್ದವನ ದಂಡವನ್ನು ಅದೇ ಬಗೆಯ ಕಾಯ್ದೆಯಿಂದ ಮನ್ನಾ ಮಾಡುವಂತಿಲ್ಲ. ಆ ಅಧಿಕಾರವನ್ನು 124ನೆಯ ಕಲಮು ರಾಜ್ಯಪಾಲನಿಗೆ ಕೊಟ್ಟಿತು. 1939ರ ತಿದ್ದುಪಡಿ ಅದನ್ನು ಅವನಿಂದಲೂ ತೆಗೆದು, ಕ್ಷಮಾದಾನ, ದಂಡ ಮನ್ನಾಗಳ ಆಡಳಿತಕ್ಕೆ ಏರ್ಪಾಡು ಮಾಡುವ ಹೊಣೆಯನ್ನು ವಿಧಾನಮಂಡಲಕ್ಕೆ ವಹಿಸಿತು.

ದಂಡ ಮನ್ನಾ ಮತ್ತು ಶೆರಿಫನ ಫೀ ಎರಡನ್ನೂ ಬೇರೆಬೇರೆ ವಿಷಯಗಳೆಂದು ಓದುವುದು ವಾಡಿಕೆ. ನನ್ನ ಮಟ್ಟಿಗೆ ಇವು ಒಂದೇ ಖಾತೆಯ ಎರಡು ಅಂಕಣಗಳು. ಅಲಬಾಮಾದ ಶೆರಿಫ್ ನಮ್ಮ ಮುಂಬಯಿಯ ಗೌರವಾರ್ಥ ಹುದ್ದೆಯವನಲ್ಲ. ಚುನಾಯಿತ, ಬಂಧಿಸುವ, ಜೈಲು ನಡೆಸುವ ಅಧಿಕಾರಿ. ಬಂಧನಕ್ಕಿಷ್ಟು, ಸಮನ್ಸ್ ಜಾರಿಗಿಷ್ಟು ಎಂದು ಅವನ ಗಳಿಕೆ ಫೀಗಳಿಂದಲೇ ಬರುತ್ತಿತ್ತು, ಆ ಫೀ ಕೋರ್ಟ್ ಖರ್ಚಿನ ಹೆಸರಿನಲ್ಲಿ ಶಿಕ್ಷೆಗೊಳಗಾದವನ ತಲೆಗೇ ಬೀಳುತ್ತಿತ್ತು.

ಡಗ್ಲಾಸ್ ಬ್ಲ್ಯಾಕ್‌ಮನ್ ತಮ್ಮ 2008ರ ಗ್ರಂಥದಲ್ಲಿ ವಿವರಿಸಿರುವ ಗ್ರೀನ್ ಕಾಟೆನ್‌ಹ್ಯಾಮ್ ಪ್ರಕರಣವನ್ನೇ ನೋಡಿ. 1908ರ ಮಾರ್ಚ್‌ನಲ್ಲಿ ಶೆಲ್ಬಿ ಕೌಂಟಿಯ ಶೆರಿಫ್ ಈ ಕಪ್ಪು ಯುವಕನನ್ನು ಹಿಡಿದ. ಆರೋಪ ಮದ್ಯದ್ದಲ್ಲ, ಅಲೆಮಾರಿತನದ್ದು; ಲೆಕ್ಕ ಮಾತ್ರ ಅದೇ. ಶಿಕ್ಷೆ 30 ದಿನದ ಕಠಿಣ ದುಡಿಮೆ. ಶೆರಿಫ್, ಸಹಾಯಕರು, ಗುಮಾಸ್ತ ಇವರ ಫೀ ಕಟ್ಟಲಾಗದೆ ಅದು ಹೆಚ್ಚುಕಡಿಮೆ ಒಂದು ವರ್ಷಕ್ಕೆ ಬೆಳೆಯಿತು. ಅವನನ್ನು ಗುತ್ತಿಗೆಗೆ ಪಡೆದ ಗಣಿ ಕಂಪನಿ ಕೌಂಟಿಗೆ ತಿಂಗಳಿಗೆ 12 ಡಾಲರ್ ಕಟ್ಟುತ್ತಿತ್ತು. ಅದೇ ವರ್ಷ ಅವನು ಗಣಿಯಲ್ಲೇ ತೀರಿಕೊಂಡ. ದಂಡವನ್ನಷ್ಟೇ ಮನ್ನಾ ಮಾಡಿ ಖರ್ಚನ್ನು ಉಳಿಸಿದರೆ ಬಡವನಿಗೆ ದಕ್ಕುವುದು ಎಷ್ಟೆಂದು ಇದರಿಂದ ಅಂದಾಜಾಗುತ್ತದೆ.

1901ರ ಸಂವಿಧಾನ ಸಭೆಗೆ ಇಂಥವರ ಚಿಂತೆ ಇತ್ತೆಂದು ಭಾವಿಸಬೇಕಿಲ್ಲ. ಅದರ ಅಧ್ಯಕ್ಷ ಜಾನ್ ನಾಕ್ಸ್ ಬಿಳಿಯರ ಪ್ರಾಬಲ್ಯವನ್ನು ಕಾನೂನಿನಿಂದಲೇ ಭದ್ರಪಡಿಸುವುದು ಸಭೆಯ ಗುರಿ ಎಂದು ಬಹಿರಂಗವಾಗಿಯೇ ಸಾರಿದ್ದ.

ಫೀಯ ನಿಷೇಧವಾದರೂ ನಿಂತಿತೇ? 96ನೆಯ ಕಲಮು ಎಲ್ಲ ಕೌಂಟಿಗಳಿಗೂ ಅನ್ವಯಿಸದ ಫೀ ಕಾಯ್ದೆಯನ್ನೇ ತಡೆದಿತ್ತು. ಸ್ಥಳೀಯ ಕಾಯ್ದೆಗೆ ದಾರಿ ಮುಚ್ಚಿದ ಮೇಲೆ ಸಂವಿಧಾನವನ್ನೇ ತಿದ್ದುವುದು ಶುರುವಾಯಿತು. 1912ರ ಎರಡನೆಯ ತಿದ್ದುಪಡಿಯೇ ಜೆಫರ್ಸನ್ ಕೌಂಟಿಯ ಅಧಿಕಾರಿಗಳ ಫೀ, ಸಂಬಳಗಳ ಕುರಿತದ್ದು. ಮುಂದೆ ತಿದ್ದುಪಡಿಗಳ ಸಂಖ್ಯೆ 900 ದಾಟಿತು. ಅವುಗಳಲ್ಲಿ ಬಹುಪಾಲು ಒಂದೊಂದೇ ಕೌಂಟಿಯ ಕೆಲಸಕ್ಕೆ ಬಂದವು.

ಹಳೆಯ ಗಳಿಕೆಯ ಒಂದು ತುಣುಕು ನಮ್ಮ ಕಾಲದವರೆಗೂ ಬಂದಿತ್ತು. ಕೈದಿಯೊಬ್ಬನ ಊಟಕ್ಕೆ ರಾಜ್ಯ ದಿನಕ್ಕೆ 1.75 ಡಾಲರ್ ಕೊಡುತ್ತಿತ್ತು, ಮಿಕ್ಕಿದ್ದು ಶೆರಿಫನ ಜೇಬಿಗೆ. ಮಾರ್ಗನ್ ಕೌಂಟಿಯ ಶೆರಿಫ್ ಮೂರು ವರ್ಷದಲ್ಲಿ ಹೀಗೆ ಸುಮಾರು 2,12,000 ಡಾಲರ್ ಉಳಿಸಿಕೊಂಡಿದ್ದ. ಅಗ್ಗಕ್ಕೆ ಸಿಕ್ಕ ಕಾರ್ನ್‌ಡಾಗ್‌ಗಳನ್ನೇ ಕೈದಿಗಳಿಗೆ ವಾರಗಟ್ಟಲೆ ತಿನ್ನಿಸಿದ್ದ. 2009ರಲ್ಲಿ ಫೆಡರಲ್ ನ್ಯಾಯಾಧೀಶರು ಅವನನ್ನೇ ಒಂದು ರಾತ್ರಿ ಜೈಲಿಗೆ ಕಳಿಸಿದರು. ಆದರೆ ಆ ಹಣ ಸ್ವಂತಕ್ಕೆ ಬಳಸಕೂಡದೆಂದು ಇಡೀ ರಾಜ್ಯಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 2019ರಲ್ಲಿ. ಆಗ ಊಟದ ದರವೂ 2.25 ಡಾಲರ್‌ಗೆ ಏರಿತು.