ಅಲಿಪುರದ ಮನೆಗೆ ಟೆಲಿವಿಷನ್ ಬಂದ ಬಗೆ

ಭಾರತದಲ್ಲಿ ಟೆಲಿವಿಷನ್ ಪ್ರಸಾರ ಮೊದಲಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1972ರಲ್ಲಿ ಅದು ಮುಂಬಯಿಗೆ ಬಂತು. ಕಲ್ಕತ್ತೆಯ ಸರದಿ ಬರಲು 1975ರ ಆಗಸ್ಟ್ 9ರವರೆಗೆ ಕಾಯಬೇಕಾಯಿತು. ಟಾಲಿಗಂಜಿನ ರಾಧಾ ಸ್ಟುಡಿಯೋ ಕೇಂದ್ರದ ಮೊದಲ ನೆಲೆ. ಅಲಿಪುರದಲ್ಲಿ ನೆಲೆಸಿದ ನಮಗೆ ಅದು ನೆರೆಯ ಬಡಾವಣೆಯೇ ಸರಿ.

ಆಗ ಸೆಟ್ಟು ಕೊಳ್ಳುವುದು ಸಾಮಾನ್ಯ ವ್ಯವಹಾರವಾಗಿರಲಿಲ್ಲ. ಹೈದರಾಬಾದಿನ ಇ.ಸಿ., ವೆಸ್ಟನ್, ಕ್ರೌನ್, ಟೆಲಿವಿಸ್ಟಾ ಮುಂತಾದ ಹೆಸರುಗಳನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸಬೇಕಿತ್ತು. ಮರದ ಪೆಟ್ಟಿಗೆ, ಅದಕ್ಕೊಂದು ಎಳೆಯುವ ಬಾಗಿಲು, ತಾರಸಿಯ ಮೇಲೆ ಆಂಟೆನಾ, ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಇಷ್ಟೂ ಬೇಕು. ಇದರ ಮೇಲೆ ಲೈಸೆನ್ಸು ಬೇರೆ. ಅದು ರದ್ದಾದದ್ದು 1985ರಲ್ಲಿ. ಇಷ್ಟೆಲ್ಲ ಹೊಂದಿಸಿಕೊಂಡರೂ ಲೋಡ್‌ಶೆಡ್ಡಿಂಗ್ ಬಂದರೆ ಮುಗಿಯಿತು. 1982ರ ಆಗಸ್ಟ್ 15ರಂದು ಬಣ್ಣದ ಪ್ರಸಾರ ಆರಂಭವಾಗಿ, ನವೆಂಬರಿನಲ್ಲಿ ಏಷ್ಯನ್ ಕ್ರೀಡಾಕೂಟವೂ ನಡೆದಾಗ ಇನ್ನೊಂದು ಪ್ರಶ್ನೆ ಎದ್ದಿತು: ಕಪ್ಪು-ಬಿಳುಪೇ ಸಾಕೆ, ಸಾಲ ಮಾಡಿಯಾದರೂ ಬಣ್ಣದ್ದೇ ಬೇಕೆ?

ಆದರೆ ಎಷ್ಟು ಹಣ ತೆತ್ತರೂ ಅಂಗಡಿಯಲ್ಲಿ ಸಿಗದ ವಸ್ತು ಒಂದಿತ್ತು. ಅದು ಕನ್ನಡ. ಕಲ್ಕತ್ತೆಯ ಕೇಂದ್ರ ಆರಂಭವಾಗುವ ಎಂಟು ದಿನ ಮೊದಲು, 1975ರ ಆಗಸ್ಟ್ 1ರಂದು, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಪ್ರಯೋಗ ಮೊದಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯದ ಸೆಟ್ಟುಗಳು ಬಂದವು. ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ರೈತರು ಕನ್ನಡದಲ್ಲೇ ಕಾರ್ಯಕ್ರಮ ನೋಡಿದರು. ಒಂದು ವರ್ಷಕ್ಕೆ ಆ ಪ್ರಯೋಗ ಮುಗಿಯಿತು. ಮಹಾನಗರದಲ್ಲಿದ್ದ ನಮಗೆ ಆ ಭಾಗ್ಯ ಒಂದು ದಿನವೂ ಇರಲಿಲ್ಲ!

1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರ ತೆರೆಯಿತು. ಅದರ ಅಲೆಗಳು ಇಷ್ಟು ದೂರ ಬರುವಂತಿರಲಿಲ್ಲ. ನಮಗೆ ಉಳಿದದ್ದು ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರ. ಹಲವು ಭಾಷೆಗಳ ನಡುವೆ ಕನ್ನಡದ ಪಾಳಿ ಬಂದ ದಿನ, ಕರೆಂಟ್ ಹೋಗದಿರಲೆಂದು ಎಲ್ಲರದೂ ಒಂದೇ ಹಾರೈಕೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಬಂದಾಗ ಆಗುಂಬೆಯ ಬೀದಿಯೂ ನಮ್ಮ ಕಲಾವಿದರೂ ಕಂಡರು. ಮಾತು ಮಾತ್ರ ಹಿಂದಿ.

1994ರಲ್ಲಿ ಉದಯ ಟಿ.ವಿ. ಆರಂಭವಾಯಿತು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಡಿ.ಟಿ.ಎಚ್. ಸೇವೆ ಬಂದ ಮೇಲೆ, ತಾರಸಿಯ ಮೇಲೊಂದು ಸಣ್ಣ ತಟ್ಟೆ ಕೂರಿಸಿದರೆ ತಿಂಗಳ ಬಾಡಿಗೆಯಿಲ್ಲದೆ ಚಂದನ ನೋಡುವಂತಾಯಿತು. ಈಗಂತೂ ಗೋಡೆಯ ತೆಳು ಪರದೆಯಲ್ಲಿ ಇಂಟರ್‌ನೆಟ್ ಮೂಲಕ ಬೇಕಾದಷ್ಟು ಕನ್ನಡವಿದೆ.

ಹಾಗಾದರೆ ಹತ್ತೊಂಬತ್ತು-ಇಪ್ಪತ್ತು ವರ್ಷ ಈ ಊರಿನ ಮನೆಗಳಲ್ಲಿ ಕನ್ನಡ ಉಳಿದದ್ದು ಹೇಗೆ? ಟೆಲಿವಿಷನ್ ನಮ್ಮ ಮಕ್ಕಳಿಗೆ ಸೊಗಸಾದ ಬಂಗಾಳಿ ಕಲಿಸಿತು, ನೆರೆಹೊರೆಯವರನ್ನು ಹತ್ತಿರ ತಂದಿತು. ಆ ಉಪಕಾರ ದೊಡ್ಡದು. ಕನ್ನಡವನ್ನು ಉಳಿಸಿದ್ದು ಅಡುಗೆಮನೆಯಲ್ಲಿ ಅಜ್ಜಿಯರು ಆಡಿದ ಮಾತು, ಕರೆಂಟ್ ಹೋದಾಗ ಕತ್ತಲಲ್ಲಿ ಹೇಳಿದ ಕಥೆ. ಹೊಸ ಸೆಟ್ಟು ಕೊಳ್ಳುವಾಗ ಅಂಗುಲಗಳನ್ನು ಅಳೆಯೋಣ, ಬೆಲೆಯನ್ನೂ ವಿಚಾರಿಸೋಣ. ಅದನ್ನು ಆರಿಸಿದ ಮೇಲೆ ಮನೆಯಲ್ಲಿ ಯಾವ ಮಾತು ನಡೆಯುತ್ತದೆ ಎಂಬುದನ್ನೂ ಒಮ್ಮೆ ಕೇಳಿಕೊಳ್ಳೋಣ.